ಒಬ್ದುಲಿಯಾ ಕಸಿದುಕೊಂಡ ಚಪ್ಪಲಿಗಳು

ಒಬ್ದುಲಿಯಾ ತಿರಾದೊ ಸಿಹಿ ಮಾತಿನ ಹೆಂಗಸಾಗಿರಲಿಲ್ಲ. ಗಡಿಯಂಚಿನ ಊರು ತಿಹುವಾನಾದ ರೆವು ಬೀದಿಯಲ್ಲಿದ್ದ ‘ಲಾ ಕೊತೊರ್ರಾ’ ಎಂಬ ಬಾರಿನಲ್ಲಿ ಹೆಂಗಸರ ಶೌಚಾಲಯ ನೋಡಿಕೊಳ್ಳುವುದು ಅವಳ ಕೆಲಸ. ನಾನು ಅದೇ ಬಾರಿನ ಅಡುಗೆಮನೆಯಲ್ಲಿ ನಿಂಬೆಹಣ್ಣು ಹೆಚ್ಚುತ್ತಿದ್ದೆ. ನಡುವೆ ಇದ್ದದ್ದು ಹಲಗೆಯ ಗೋಡೆ. ಹಾಗಾಗಿ ಅವಳ ಬೈಗುಳವೆಲ್ಲ ನನ್ನ ಕಿವಿಗೇ ಬೀಳುತ್ತಿತ್ತು.

“ಬಗ್ಗು, ಇನ್ನೂ ಬಗ್ಗು. ಕೂದಲು ನಾನು ಹಿಡ್ಕೊಂಡಿದೀನಿ. ನಿಮ್ಮಮ್ಮ ನಿನ್ನ ಹೆತ್ತು ಸಾಕಿದ್ದು ಇದಕ್ಕೇನೇ?”

ಗಡಿಯಾಚೆಯ ಹುಡುಗಿಯರಿಗೆ ಅವಳ ಭಾಷೆ ಬಾರದು. ಆದರೆ ಆ ದನಿ ಯಾವ ಭಾಷೆಯವರಿಗೂ ಅರ್ಥವಾಗುವಂಥದ್ದು. ತೆಪ್ಪಗೆ ಬಗ್ಗುತ್ತಿದ್ದರು.

ಅವಳು ಸಿನಾಲೋವಾ ಕಡೆಯವಳು. ಗಂಡನ ಜೊತೆ ಉತ್ತರಕ್ಕೆ ಬಂದಳು. ಗಂಡ ಗುಡ್ಡದ ದಾರಿಯಲ್ಲಿ ಗಡಿಯ ಬೇಲಿ ದಾಟಿ ಆಚೆ ಹೋದ. ಹೋದ ಹೊಸದರಲ್ಲಿ ಫೋನ್ ಮಾಡುತ್ತಿದ್ದ. ಆಮೇಲೆ ಅದೂ ನಿಂತಿತು. ಒಬ್ದುಲಿಯಾ ಕಾರ್ಖಾನೆಯೊಂದರಲ್ಲಿ ಸಣ್ಣ ಸಣ್ಣ ತಂತಿಗಳನ್ನು ಬೆಸುಗೆ ಹಾಕುತ್ತಾ ಕಣ್ಣು ಹಾಳುಮಾಡಿಕೊಂಡಳು. ಕಣ್ಣು ಮಂಜಾದ ಮೇಲೆ ಕಾರ್ಖಾನೆಯವರು ಮನೆಗೆ ಕಳಿಸಿದರು. ಆಗ ಸಿಕ್ಕಿದ್ದು ಶೌಚಾಲಯದ ಕೆಲಸ. ಸಂಬಳ ಅಂತ ಇರಲಿಲ್ಲ. ಕೈ ಒರೆಸುವ ಕಾಗದ, ಬಾಚಣಿಗೆ, ಚೂಯಿಂಗ್ ಗಮ್ ಎಲ್ಲ ಜೋಡಿಸಿಟ್ಟುಕೊಂಡು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿರುವುದು, ತಟ್ಟೆಗೆ ಬಿದ್ದದ್ದು ಅವಳದ್ದು. ಮಗಳು ನೆರೇಯ್ದಾ ಆಗಿನ್ನೂ ಸ್ಕೂಲಿಗೆ ಹೋಗುತ್ತಿದ್ದಳು. ಗುಡ್ಡದ ಮೇಲಿನ ಕಾಲೊನಿಯಲ್ಲಿ ತಗಡಿನ ಸೂರಿನ ಮನೆ. ಅವಳ ಮನೆಯಿಂದ ನಾಲ್ಕು ಮನೆ ಕೆಳಗೆ ನನ್ನದು.

ಆಚೆ ಬದಿಯಲ್ಲಿ ಇಪ್ಪತ್ತೊಂದು ತುಂಬುವವರೆಗೆ ಯಾರೂ ಕುಡಿಯಲು ಕೊಡುವುದಿಲ್ಲ. ನಮ್ಮಲ್ಲಿ ಹದಿನೆಂಟು ಸಾಕು. ಶುಕ್ರವಾರ ಬಂತೆಂದರೆ ಗಡಿಯ ಸೇತುವೆಯ ಮೇಲಿಂದ ಸಾಲುಸಾಲು ಹುಡುಗ ಹುಡುಗಿಯರು ನಡೆದು ಬರುತ್ತಿದ್ದರು. ಬಾಗಿಲಲ್ಲಿ ಒಮ್ಮೆ ದುಡ್ಡು ಕೊಟ್ಟರೆ ಒಳಗೆ ಎಷ್ಟಾದರೂ ಕುಡಿಯಬಹುದು. ಕುಡಿಯದೆ ನಿಂತವರಿಗೂ ಬಿಡುಗಡೆಯಿಲ್ಲ. ಕೊರಳಿಗೆ ಸೀಟಿ ನೇತುಹಾಕಿಕೊಂಡ ಹುಡುಗರು ಬಾಟಲಿ ಹಿಡಿದು ಓಡಾಡುತ್ತಿದ್ದರು. ಯಾರದಾದರೂ ಗದ್ದ ಹಿಡಿದು, ತಲೆ ಹಿಂದಕ್ಕೆ ಬಗ್ಗಿಸಿ, ಸೀಟಿ ಊದುತ್ತಾ ಬಾಯಿಗೆ ಟೆಕಿಲಾ ಸುರಿದು, ಆಮೇಲೆ ತಲೆಯನ್ನು ಬಿಂದಿಗೆ ಕುಲುಕಿದ ಹಾಗೆ ಕುಲುಕುವುದು. ಸುತ್ತ ಇದ್ದವರದ್ದೆಲ್ಲ ಕೇಕೆ. ಅದು ಆಟ. ಬಾರಿನ ಮ್ಯಾನೇಜರ್ ರುವಲ್ಕಾಬಾ ಅದನ್ನು ಆತಿಥ್ಯ ಎನ್ನುತ್ತಿದ್ದ.

ಒಂದು ವಸಂತದ ರಜೆಯಲ್ಲಿ ಕಾಲೇಜು ಹುಡುಗಿಯೊಬ್ಬಳು ಒಬ್ದುಲಿಯಾಳ ಕಣ್ಣೆದುರೇ ತೂರಾಡುತ್ತಾ ಹೊರಗೆ ಹೋದಳು. ಅವಳನ್ನು ತಬ್ಬಿ ನಡೆಸಿಕೊಂಡು ಹೋದವನು ಅವಳ ಜೊತೆ ಬಂದವನಲ್ಲ. ಜೊತೆಯವರು ಮೇಲಿನ ಮಹಡಿಯಲ್ಲಿ ಕುಣಿಯುತ್ತಿದ್ದರು. ಒಬ್ದುಲಿಯಾ ನೋಡಿದಳು, ಸುಮ್ಮನಿದ್ದಳು. ಅವರವರ ಪಾಡು ಅವರಿಗೆ ಎಂದುಕೊಂಡಳಂತೆ. ಬೆಳಿಗ್ಗೆ ಆ ಹುಡುಗಿ ನದಿಯ ಕಾಂಕ್ರೀಟ್ ಕಾಲುವೆಯ ಇಳಿಜಾರಿನಲ್ಲಿ ಸಿಕ್ಕಿದಳು. ಜೀವ ಇತ್ತು. ಅವಳಿಗೆ ಆದದ್ದೇನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಒಂದು ವಾರದ ಮೇಲೆ ಆ ಹುಡುಗಿಯ ತಾಯಿ ಬಂದಳು. ತೆಳ್ಳಗಿನ, ಬಿಳಿಯ ಹೆಂಗಸು. ಮಗಳ ಫೋಟೋ ಹಿಡಿದು ಪ್ರತಿಯೊಬ್ಬರನ್ನೂ ಕೇಳಿದಳು. ರುವಲ್ಕಾಬಾ ನಮ್ಮನ್ನೆಲ್ಲ ಮೊದಲೇ ಕರೆದು ಹೇಳಿದ್ದ: “ಯಾರೂ ಏನೂ ನೋಡಿಲ್ಲ. ನೋಡಿದೀನಿ ಅನ್ನೋರು ಈಗಲೇ ಮನೆಗೆ ಹೋಗಬಹುದು.” ಆ ತಾಯಿ ಕೊನೆಗೆ ಶೌಚಾಲಯಕ್ಕೆ ಹೋಗಿ ಕನ್ನಡಿಯ ಮುಂದೆ ನಿಂತಳು. ಒಬ್ದುಲಿಯಾಳ ಕೈಗೆ ಫೋಟೋ ಕೊಟ್ಟಳು. ಒಬ್ದುಲಿಯಾ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ತಲೆಯಾಡಿಸಿದಳು, ಇಲ್ಲವೆಂದು. ಆ ಹೆಂಗಸು ನಮ್ಮ ಭಾಷೆಯಲ್ಲೇ ‘ಗ್ರಾಸಿಯಸ್’ ಎಂದು ಧನ್ಯವಾದ ಹೇಳಿ, ಒಂದು ನೋಟು ತಟ್ಟೆಗೆ ಹಾಕಿ ಹೋದಳು.

“ದುಡ್ಡು ಹಾಕಿ ಹೋದಳು ಕಣೇ ಚಾಯೊ,” ಎಂದು ಒಬ್ದುಲಿಯಾ ಬಸ್ಸಿನಲ್ಲಿ ನನಗೆ ಹೇಳಿದಳು. “ಉಗಿದು ಹೋಗಿದ್ರೆ ತಡ್ಕೊತಿದ್ದೆ.”

ಅದಾದ ಮೇಲೆ ಶುರುವಾಯಿತು ಚಪ್ಪಲಿ ಕಸಿಯುವ ಕೆಲಸ. ನಿಲ್ಲಲಾರದಷ್ಟು ಕುಡಿದ ಹುಡುಗಿ ಒಳಗೆ ಬಂದರೆ ಒಬ್ದುಲಿಯಾ ಅವಳನ್ನು ಕೂರಿಸಿ, ಒಂದು ಕಾಲಿನ ಚಪ್ಪಲಿ ಕಿತ್ತು ತನ್ನ ಸ್ಟೂಲಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಬಾರಿನ ನೆಲದ ತುಂಬಾ ಗಾಜಿನ ಚೂರು. ಒಂಟಿ ಚಪ್ಪಲಿಯಲ್ಲಿ ಹುಡುಗಿ ಎಲ್ಲಿಗೂ ಹೋಗಲಾರಳು. ಹೊರಗೆ ಕಾಯುತ್ತಿದ್ದ ಗಂಡಸು ಸ್ವಲ್ಪ ಹೊತ್ತಿಗೆ ಬೇಸತ್ತು ಬೇರೆ ಕಡೆ ಕಣ್ಣು ಹಾಯಿಸುತ್ತಿದ್ದ. ಒಬ್ದುಲಿಯಾ ಮೂರೇ ಮೂರು ಇಂಗ್ಲಿಷ್ ಪದ ಕಲಿತಿದ್ದಳು. ‘ನಿನ್ನ ಗೆಳತಿ ಎಲ್ಲಿ?’ ಜೊತೆಗೆ ಬಂದ ಗೆಳತಿಯೇ ಬಂದು ಕೈ ಚಾಚಿದರೆ ಮಾತ್ರ ಚಪ್ಪಲಿ ವಾಪಸ್ಸು. ಅದಕ್ಕೆ ಅವಳಿಗೆ ಸಿಕ್ಕ ಬಹುಮಾನಗಳು ಹಲವು. ಒಬ್ಬಳು ಮುಖಕ್ಕೆ ಉಗಿದಳು. ಒಬ್ಬಳು ಕೈ ಕಚ್ಚಿದಳು. ಹಲವರು ತಟ್ಟೆಯನ್ನು ಒದ್ದು, ಬರಿಗಾಲಲ್ಲೇ ಗೆಳತಿಯರ ಹೆಗಲೇರಿ ಹೋದರು. ಹಾಗೆ ಬಿಟ್ಟುಹೋದ ಚಪ್ಪಲಿಗಳನ್ನು ಅವಳು ನೀರಿನ ಡ್ರಮ್ಮಿನ ಹಿಂದೆ ಎಸೆಯುತ್ತಿದ್ದಳು.

ಸೀಟಿ ಹುಡುಗರು ಅವಳನ್ನು ನೋಡಿ ನಗುತ್ತಿದ್ದರು. “ಏನ್ ದೊಡ್ಡಮ್ಮಾ, ಚಪ್ಪಲಿ ಅಂಗಡಿ ಯಾವಾಗ ಶುರು?”

“ನೀವು ಸುರಿಯೋದು ನಿಲ್ಲಿಸಿದ ದಿನ ಮುಚ್ತೀನಿ,” ಎನ್ನುತ್ತಿದ್ದಳು.

ಯಾದಿರಾ ಬಂದದ್ದು ಆ ಬೇಸಿಗೆಯಲ್ಲಿ. ಹತ್ತೊಂಬತ್ತರ ಹುಡುಗಿ. ಹುಟ್ಟಿದ್ದು ಬೆಳೆದದ್ದು ಆಚೆ ಬದಿಯ ಚೂಲಾ ವಿಸ್ತಾದಲ್ಲಾದರೂ ಅಪ್ಪ ಅಮ್ಮ ನಮ್ಮವರೇ, ಭಾಷೆ ನಮ್ಮದೇ. ಜೊತೆಗೆ ಶೆಲ್ಬಿ ಎಂಬ ಗೆಳತಿ. ಯಾದಿರಾ ಕುಣಿಯುವಾಗ ಕಷ್ಟವಾಗುತ್ತದೆಂದು ತನ್ನ ಪರ್ಸನ್ನು ಶೆಲ್ಬಿಗೆ ಕೊಟ್ಟಿದ್ದಳು. ಎವೆರಾರ್ದೊ ಎಂಬವನು ಅವರ ಮೇಜಿಗೆ ಬಾಟಲಿ ಕಳಿಸುತ್ತಲೇ ಇದ್ದ. ಊರಲ್ಲಿ ಅವನದು ಮೂರು ಕಾರ್ ಶೋರೂಮು, ನಮ್ಮ ಬಾರಿನಲ್ಲೂ ಪಾಲು. ಸೀಟಿ ಹುಡುಗರಿಗೆ ಅವನು ಬೆರಳು ತೋರಿಸಿದ ಕಡೆಗೆಲ್ಲ ಸುರಿಯುವುದೇ ಕೆಲಸ.

ಯಾದಿರಾ ಗೋಡೆ ಹಿಡಿದುಕೊಂಡು ಶೌಚಾಲಯಕ್ಕೆ ಬಂದು ನೆಲಕ್ಕೆ ಕುಸಿದಳು. ಒಬ್ದುಲಿಯಾ ಎಂದಿನಂತೆ ಒಂದು ಚಪ್ಪಲಿ ಕಿತ್ತುಕೊಂಡಳು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿಯಿತು. ಮುಂದಿನದೆಲ್ಲ ಗೋಡೆಯ ಈಚೆಯಿಂದ ನಾನೇ ಕೇಳಿದ್ದು.

“ಅಮ್ಮಾ, ಒಳಗಿರೋಳು ನನ್ನ ಹುಡುಗಿ. ಕಳಿಸಿಕೊಡಿ, ಮನೆಗೆ ಬಿಟ್ಟುಬರ್ತೀನಿ.” ಎವೆರಾರ್ದೊನ ದನಿ.

“ಹೆಸರೇನಪ್ಪಾ ನಿನ್ನ ಹುಡುಗೀದು?”

“ಅದೆಲ್ಲ ನಿಮಗ್ಯಾಕೆ?”

“ನಿನ್ನ ಹುಡುಗಿ ಅಂದ್ಯಲ್ಲ. ಹೇಳು.”

“ಜೆನ್ನಿ.”

“ಹೆಸರು ಬರೆದಿರೋ ಸರಾನೇ ಕೊರಳಲ್ಲಿ ಹಾಕ್ಕೊಂಡಿದಾಳೆ. ಓದೋಕೆ ಬರಲ್ವಾ ನಿಂಗೆ, ಇಲ್ಲಾ ಕಣ್ಣು ಇನ್ನೂ ಕೆಳಗಿತ್ತಾ?”

ಅವನು ರುವಲ್ಕಾಬಾನನ್ನು ಕರೆತಂದ. ಮ್ಯಾನೇಜರ್ ಮೊದಲು ಮೆತ್ತಗೆ ಮಾತಾಡಿದ. “ಒಬ್ದುಲಿಯಾ, ಇವರು ಯಾರು ಅಂತ ಗೊತ್ತು ತಾನೇ?”

“ಗೊತ್ತು ಯಜಮಾನ್ರೇ. ಅದಕ್ಕೇ ಚಿಲಕ ಹಾಕಿರೋದು. ಜೊತೇಲಿ ಬಂದಿರೋ ಹುಡುಗೀನ ಹುಡುಕಿಸಿ, ಬಾಗಿಲು ತೆಗೀತೀನಿ.”

ಜೊತೆಯಲ್ಲಿ ಬಂದವಳು ಬಾರಿನಲ್ಲಿ ಇರಲಿಲ್ಲ. ಶೆಲ್ಬಿ ಯಾರೋ ನಾವಿಕ ಹುಡುಗರ ಜೊತೆ ಬೀದಿಯಾಚೆಯ ಇನ್ನೊಂದು ಬಾರಿಗೆ ಹೋಗಿ, ಅಲ್ಲೇ ಯಾದಿರಾಳ ಪರ್ಸನ್ನು ಕಳೆದುಕೊಂಡು, ಅಲ್ಲಿಂದ ಹಾಗೇ ಗಡಿ ದಾಟಿ ಮನೆಗೆ ಹೋಗಿಬಿಟ್ಟಿದ್ದಳು. ಇದು ನಮಗೆ ತಿಳಿದದ್ದು ವರ್ಷಗಳ ನಂತರ.

ಒಬ್ದುಲಿಯಾ ಬಾಗಿಲು ತೆಗೆಯಲೇ ಇಲ್ಲ. ಹುಡುಗಿಯನ್ನು ಮಗ್ಗುಲಾಗಿ ಮಲಗಿಸಿ, ಬೆನ್ನಿಗೆ ತನ್ನ ಮೊಣಕಾಲು ಆನಿಸಿ, ಉಸಿರು ನೋಡುತ್ತಾ ಬೆಳಗು ಮಾಡಿದಳು. ಮೊದಲು ಮೂತ್ರಕ್ಕೆ ಹೋಗಲಾರದ ಗಿರಾಕಿಗಳು ಬಾಗಿಲು ಒದ್ದರು, ಆಮೇಲೆ ಎಲ್ಲರೂ ಹೋದರು.

ಬೆಳಿಗ್ಗೆ ಯಾದಿರಾಳ ಅಪ್ಪ ಬಂದ. ಜೊತೆಗೆ ಅತ್ತು ಅತ್ತು ಮುಖ ಊದಿಸಿಕೊಂಡ ಶೆಲ್ಬಿ, ಇಬ್ಬರು ಪೊಲೀಸರು. ಆ ಮನುಷ್ಯ ಕೆಟ್ಟವನಲ್ಲ. ಲಾರಿ ರಿಪೇರಿ ಮಾಡುವ ಕೈ, ಉಗುರಿನಲ್ಲಿ ಗ್ರೀಸು. ಮಗಳು ರಾತ್ರಿಯೆಲ್ಲ ಬಂದಿಲ್ಲ ಎಂದಾಗ ಅವನು ಸೀದಾ ಶೆಲ್ಬಿಯ ಮನೆಗೆ ಹೋಗಿದ್ದ. ಗೆಳತಿಯನ್ನು ಬಿಟ್ಟುಬಂದೆ ಎನ್ನಲು ಶೆಲ್ಬಿಗೆ ಬಾಯಿ ಬರಲಿಲ್ಲ. ಬಾಯಿಗೆ ಬಂದದ್ದು ಇದು: ಶೌಚಾಲಯದ ಹೆಂಗಸು ಏನೋ ನೀರು ಕೊಟ್ಟಳು, ಅದನ್ನು ಕುಡಿದು ಯಾದಿರಾ ಬಿದ್ದಳು, ಹೆಂಗಸು ಪರ್ಸ್ ಕಿತ್ತುಕೊಂಡು ನನ್ನನ್ನು ಹೊರಗೆ ತಳ್ಳಿ ಚಿಲಕ ಹಾಕಿದಳು.

ಯಾದಿರಾ ಒಂಟಿ ಚಪ್ಪಲಿಯಲ್ಲಿ ಕುರ್ಚಿಯ ಮೇಲೆ ಕೂತು ನಡುಗುತ್ತಿದ್ದಳು. ಅಪ್ಪ ಅವಳಿಗೆ ತನ್ನ ಅಂಗಿ ಹೊದಿಸಿ ಒಬ್ದುಲಿಯಾಳ ಕಡೆ ತಿರುಗಿದ.

“ನನ್ನ ಮಗಳಿಗೆ ಏನು ಕುಡಿಸಿದೆ?”

“ಎಚ್ಚರ ಆದ ಮೇಲೆ ಎರಡು ಗುಟುಕು ನೀರು ಕೊಟ್ಟೆ. ಅಷ್ಟೇ.”

“ಬಾಗಿಲು ಯಾಕೆ ಹಾಕಿದ್ದೆ?”

“ಎತ್ತಿಕೊಂಡು ಹೋಗೋಕೆ ಬಂದಿದ್ರು.”

“ಯಾರು?”

ಒಬ್ದುಲಿಯಾ ರುವಲ್ಕಾಬಾನ ಮುಖ ನೋಡಿದಳು. ರುವಲ್ಕಾಬಾ ಯಾದಿರಾಳ ಅಪ್ಪನ ಹೆಗಲ ಮೇಲೆ ಕೈಯಿಟ್ಟ. “ಯಾರೂ ಬಂದಿರಲಿಲ್ಲ ಸ್ವಾಮಿ. ಇವಳ ಮೇಲೆ ನಮಗೂ ಮೊದಲಿಂದ ಅನುಮಾನ ಇತ್ತು. ಗಿರಾಕಿಗಳ ಚಪ್ಪಲಿ ಕದೀತಾಳೆ.”

ಪೊಲೀಸರು ಡ್ರಮ್ಮನ್ನು ಸರಿಸಿದರು. ಹಿಂದೆ ಬಿದ್ದಿದ್ದ ಚಪ್ಪಲಿಗಳು ಒಂದೊಂದಾಗಿ ಹೊರಗೆ ಬಂದವು. ಬೆಳ್ಳಿ ಬಣ್ಣದ್ದು, ಕೆಂಪು ಹಿಮ್ಮಡಿಯದ್ದು, ಪ್ಲಾಸ್ಟಿಕ್ ಹೂವಿನದ್ದು. ಎಲ್ಲವೂ ಒಂಟಿ. ಒಬ್ಬ ಪೊಲೀಸಿನವನಿಗೆ ನಗು ತಡೆಯಲಾಗಲಿಲ್ಲ. “ಇನ್ನೊಂದು ಕಾಲಿನದು ಎಲ್ಲಿ ಅಜ್ಜಿ, ಮನೇಲಿದ್ಯಾ?”

ನಿನಗೆ ಏನು ನೆನಪಿದೆ ಎಂದು ಅವರು ಯಾದಿರಾಳನ್ನು ಕೇಳಿದರು. ಅವಳು, “ಯಾರೋ ತುಂಬಾ ಬೈತಾ ಇದ್ರು,” ಎಂದಳು. ಅದನ್ನೇ ಬರೆದುಕೊಂಡರು. ನಾನು ಮುಂದೆ ಹೋಗಿ, ಎವೆರಾರ್ದೊ ಬಂದು ಬಾಗಿಲು ತಟ್ಟಿದ್ದನ್ನು ನಾನು ಕೇಳಿದ್ದೇನೆ ಎಂದೆ.

“ಕಣ್ಣಾರೆ ನೋಡಿದ್ಯಾ?”

“ಇಲ್ಲ, ಗೋಡೆ ಈಚೆಯಿಂದ ಕೇಳಿಸ್ಕೊಂಡೆ.”

“ಹಾಗಾದ್ರೆ ಏನೂ ನೋಡಿಲ್ಲ ಅಂತ ಬರಿ,” ಎಂದು ಆ ಪೊಲೀಸಿನವನು ಪಕ್ಕದವನಿಗೆ ಹೇಳಿದ. ಅವತ್ತೇ ರುವಲ್ಕಾಬಾ ನನ್ನ ಏಪ್ರನ್ ಬಿಚ್ಚಿಸಿದ. ಆಮೇಲೆ ನಾನು ಬಸ್ ನಿಲ್ದಾಣದ ಹತ್ತಿರ ಕಿತ್ತಳೆ ರಸ ಮಾರುವುದಕ್ಕೆ ಹೋದೆ.

ಸಂಜೆ ಪತ್ರಿಕೆಯಲ್ಲಿ ಒಬ್ದುಲಿಯಾಳ ಫೋಟೋ ಬಂತು. ಕೆಳಗೆ ‘ಚಪ್ಪಲಿ ಮಾಟಗಾತಿ’ ಎಂದಿತ್ತು. ಹುಡುಗಿಯರಿಗೆ ಮದ್ದು ಹಾಕಿ, ಚಪ್ಪಲಿಯಿಂದ ಮಾಟ ಮಾಡಿಸಿ, ಆಚೆಯವರಿಗೆ ಮಾರುತ್ತಿದ್ದಳಂತೆ. ಕಾಲೊನಿಯ ಹೆಂಗಸರು, ಅವಳ ಕೈಯಲ್ಲಿ ಮಕ್ಕಳಿಗೆ ಜ್ವರಕ್ಕೆ ಕಷಾಯ ಮಾಡಿಸಿಕೊಂಡಿದ್ದವರು, ಮಾಟ ತಗುಲದಿರಲೆಂದು ಅವಳ ಬಾಗಿಲ ಮುಂದೆ ಉಪ್ಪು ಚೆಲ್ಲಿದರು. ಕಳ್ಳತನ, ಕೂಡಿಹಾಕಿದ್ದು, ಎರಡೂ ಸಾಬೀತಾದವೆಂದು ನ್ಯಾಯಾಧೀಶರು ಶಿಕ್ಷೆ ಕೊಟ್ಟರು. ಸರ್ಕಾರ ಕೊಟ್ಟ ವಕೀಲ ಅವಳ ಹೆಸರನ್ನು ಕೊನೆಯವರೆಗೂ ಒಬ್ದೋಲಿಯಾ ಎಂದೇ ಹೇಳುತ್ತಿದ್ದ.

ಜೈಲಿನಲ್ಲಿ ನಾನು ಅವಳನ್ನು ಭಾನುವಾರಗಳಲ್ಲಿ ನೋಡುತ್ತಿದ್ದೆ. ಬೀನ್ಸು, ತೋರ್ತಿಯಾ ರೊಟ್ಟಿ ಒಯ್ಯುತ್ತಿದ್ದೆ. ಅಲ್ಲಿನ ಹೆಂಗಸರು ಮಲಗುವಾಗ ತಮ್ಮ ಚಪ್ಪಲಿಗಳನ್ನು ತಲೆಯಡಿ ಇಟ್ಟುಕೊಂಡು, ಅವಳಿಗೆ ಕೇಳುವಂತೆ ನಗುತ್ತಿದ್ದರಂತೆ. ಅವಳು ಕೇಳುತ್ತಿದ್ದದ್ದು ಒಂದೇ. “ನೆರೇಯ್ದಾ ಬರ್ತಾಳಾ?”

ನೆರೇಯ್ದಾ ಆಗ ಇಪ್ಪತ್ತರ ಹುಡುಗಿ. ಅಂಗಡಿಗಳಲ್ಲಿ, ಕಾರ್ಖಾನೆಗಳಲ್ಲಿ ಕೆಲಸ ಕೇಳಿದಳು. ತಿರಾದೊ ಎಂಬ ಹೆಸರು ಕೇಳಿದೊಡನೆ ಎಲ್ಲರಿಗೂ ಪತ್ರಿಕೆ ನೆನಪಾಗುತ್ತಿತ್ತು. ಕೆಲಸ ಕೊಟ್ಟವನು ರುವಲ್ಕಾಬಾ. ಸೀಟಿ ಹುಡುಗರ ಬದಲು ಸೀಟಿ ಹುಡುಗಿಯರಿದ್ದರೆ ವ್ಯಾಪಾರ ಹೆಚ್ಚುತ್ತದೆ ಎಂದು ಅವನಿಗೆ ಹೊಸದಾಗಿ ಹೊಳೆದಿತ್ತು. ಗದ್ದ ಹಿಡಿದು ಸುರಿಯುವವಳು ಹೆಣ್ಣಾದರೆ ಹೆಣ್ಣುಮಕ್ಕಳು ಹೆದರುವುದಿಲ್ಲವಲ್ಲ. ನೆರೇಯ್ದಾ ಆ ಕೆಲಸದಲ್ಲಿ ಪಳಗಿದಳು. ಯಾರು ಬೇಡವೆಂದರೂ ನಗಿಸಿ ನಗಿಸಿ ಬಾಯಿ ತೆರೆಸುತ್ತಿದ್ದಳು.

ಒಬ್ದುಲಿಯಾಗೆ ಇದನ್ನು ನಾನು ಹೇಳಲಿಲ್ಲ. ಬಿಡುಗಡೆಯಾಗಿ ಮನೆಗೆ ಬಂದಾಗ ಮೊಳೆಗೆ ನೇತುಹಾಕಿದ್ದ ಸೀಟಿ ನೋಡಿ ಅವಳೇ ತಿಳಿದುಕೊಂಡಳು. ಅಡುಗೆಮನೆಯಲ್ಲಿ ಹೊಸ ಫ್ರಿಜ್ ಇತ್ತು.

“ಯಾವ ಕೈಲಿ ಸುರೀತೀಯೇ?” ಎಂದು ಮಗಳನ್ನು ಕೇಳಿದಳು.

“ಬಲಗೈಲಿ. ಯಾಕೆ, ಕತ್ತರಿಸ್ತೀಯಾ?”

“ಅವರೂ ಯಾರೋ ಹೆತ್ತ ಮಕ್ಕಳು ಕಣೇ.”

ನೆರೇಯ್ದಾ ಕೂಗಾಡಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ. “ನಾನು ಯಾರು ಹೆತ್ತ ಮಗಳು?” ಎಂದಳು. “ಊರ ಹುಡುಗೀರನ್ನೆಲ್ಲ ಕಾಯ್ತಿದ್ದೆ ನೀನು. ನಾನು ಚಿಕ್ಕೋಳಿದ್ದಾಗಿಂದ ಒಳಗಿಂದ ಚಿಲಕ ಹಾಕ್ಕೊಂಡು ಒಬ್ಬಳೇ ಮಲಗ್ತಿದ್ದೆ. ಯಾವನೋ ಬಂದು ಆ ಬಾಗಿಲನ್ನ ತಟ್ತಿದ್ದನಲ್ಲ, ಅವನ್ಯಾರು ಅಂತ ಒಂದು ಸಲ ಕೇಳಿದ್ಯಾ?”

“ನೀನು ಹೇಳಲೇ ಇಲ್ಲ.”

“ಆ ಹುಡುಗೀರು ಹೇಳಿದ್ರಾ ನಿಂಗೆ?”

ನೆರೇಯ್ದಾ ಸೀಟಿ ತೆಗೆದುಕೊಂಡು ಕೆಲಸಕ್ಕೆ ಹೋದಳು, ರಾತ್ರಿ ಮನೆಗೆ ಬರಲಿಲ್ಲ. ಅಲ್ಲಿಂದ ಮುಂದೆ ಅವಳು ಬಾರಿನ ಹುಡುಗಿಯರ ಜೊತೆ ಕೋಣೆ ಮಾಡಿಕೊಂಡಳು.

ಒಬ್ದುಲಿಯಾಗೆ ಕೊನೆಗೆ ಸಿಕ್ಕಿದ್ದು ನಾನು ರಸ ಮಾರುವ ಬಸ್ ನಿಲ್ದಾಣದ ಶೌಚಾಲಯ. ಅಲ್ಲಿಗೇ ಒಂದು ಮಧ್ಯಾಹ್ನ ಯಾದಿರಾ ಬಂದಳು. ವರ್ಷಗಳು ಕಳೆದಿದ್ದವು. ಬೆರಳಲ್ಲಿ ಉಂಗುರ, ಹೊಟ್ಟೆ ಮುಂದೆ ಬಂದಿತ್ತು. ನನ್ನ ಗಾಡಿಯ ಹತ್ತಿರ ನಿಂತು ಒಬ್ದುಲಿಯಾ ಎಲ್ಲಿ ಎಂದು ಕೇಳಿದಳು. ಕರೆದೆ. ಒಬ್ದುಲಿಯಾ ಕೈ ಒರೆಸಿಕೊಳ್ಳುತ್ತಾ ಬಂದು, ಗುರುತು ಹತ್ತದೆ ನಿಂತಳು. ಹೆಸರು ಹೇಳಿದ ಮೇಲೆ ಗೊತ್ತಾಯಿತು.

“ಶೆಲ್ಬಿ ನನ್ನ ಮದುವೇಲಿ ಕುಡಿದು ಎಲ್ಲ ಹೇಳಿದಳು,” ಎಂದಳು ಯಾದಿರಾ. “ಪರ್ಸ್ ಕಳೆದಿದ್ದು ಅವಳೇ. ನನ್ನ ಬಿಟ್ಟುಹೋಗಿದ್ದೂ ಅವಳೇ.”

“ಹೂಂ.”

“ಅಮ್ಮಾ, ನಂಗೆ ಆ ರಾತ್ರೀದು ಒಂದು ನೆನಪಿತ್ತು. ಹಣೆ ಮೇಲೆ ಒಂದು ಕೈ ಇತ್ತು. ತಣ್ಣಗಿತ್ತು.”

“ಅದನ್ನ ಅವತ್ತೇ ಯಾಕೆ ಹೇಳಲಿಲ್ಲ?”

“ನಮ್ಮಮ್ಮನ ಕೈ ಅಂದ್ಕೊಂಡಿದ್ದೆ. ಕನಸು ಅಂದ್ಕೊಂಡಿದ್ದೆ.”

ಯಾದಿರಾ ಅಳತೊಡಗಿದಳು. ಆಚೆ ಬದಿಯ ಒಂದು ಗುಂಪಿನ ಜೊತೆ ತಾನೀಗ ಶುಕ್ರವಾರಗಳಲ್ಲಿ ಸೇತುವೆಯ ಆ ತುದಿಯಲ್ಲಿ ನಿಲ್ಲುತ್ತೇನೆ, ಬರುವ ಹುಡುಗಿಯರಿಗೆ ಒಟ್ಟಿಗೆ ಹೋಗಿ ಒಟ್ಟಿಗೆ ಬನ್ನಿ, ಕುಡಿಯದೆ ಇರುವವಳು ಒಬ್ಬಳಿರಲಿ ಎಂದು ಹೇಳುತ್ತೇನೆ ಎಂದಳು. ಕೆಲವರು ಕೇಳುತ್ತಾರಂತೆ. ಒಬ್ದುಲಿಯಾ ಒಮ್ಮೆ ಬಂದು ಅವರ ಜೊತೆ ಮಾತಾಡಿದರೆ ಚೆನ್ನಾಗಿರುತ್ತಿತ್ತು ಎಂದಳು.

“ಆ ಸೇತುವೆ ದಾಟೋಕೆ ನಂಗೆ ಕಾಗದ ಕೊಡಲ್ಲ. ಜೈಲಿಗೆ ಹೋಗಿಬಂದೋಳು,” ಎಂದಳು ಒಬ್ದುಲಿಯಾ. “ನೀನು ಮೊದಲು ನ್ಯಾಯಾಧೀಶರ ಹತ್ರ ಹೋಗಿ ಹೇಳು. ಆಮೇಲೆ ನಾನು ಎಲ್ಲಿಗೆ ಬೇಕಾದ್ರೂ ಬರ್ತೀನಿ.”

ಯಾದಿರಾ ಮಾತಿಗೆ ತಪ್ಪಲಿಲ್ಲ. ಆ ಹೊಟ್ಟೆ ಹೊತ್ತುಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ನಾನೂ ಜೊತೆಗೆ ಹೋದೆ. ಗುಮಾಸ್ತ ಕಡತವನ್ನು ಹೊರಗೆ ತೆಗೆಯಲೂ ಇಲ್ಲ. ಶಿಕ್ಷೆ ಮುಗಿದುಹೋಗಿದೆಯಲ್ಲ, ಇನ್ನು ಬಿಡಿಸುವುದು ಯಾರನ್ನು ಎಂದ. ಆ ದಿನ ಸುಳ್ಳು ಹೇಳಿದ್ದಕ್ಕೆ ಬೇಕಾದರೆ ನಿಮ್ಮ ಮೇಲೆಯೇ ಕೇಸು ಹಾಕಬಹುದು ಎಂದ. ಯಾದಿರಾ ಹಾಕಿ ಎಂದಳು. ಅವನು ಊಟಕ್ಕೆ ಎದ್ದುಹೋದ.

ಇದನ್ನು ಕೇಳಿ ಒಬ್ದುಲಿಯಾ ಯಾದಿರಾಳಿಗೆ ಹೇಳಿದ ಮಾತು ನನಗೆ ಆಗ ಕಲ್ಲಿನಂತೆ ತೋರಿತು. “ನೀನು ಇನ್ನು ಬರಬೇಡ. ನಿನ್ನ ನೋಡಿದ್ರೆ ಬಾಗಿಲು ತೆಗೆದುಬಿಡಬೇಕಿತ್ತು ಅನ್ಸುತ್ತೆ. ಹಂಗೆ ಅನ್ಸೋದು ನಂಗಿಷ್ಟ ಇಲ್ಲ.”

ಯಾದಿರಾ ಮತ್ತೆ ಬರಲಿಲ್ಲ. ಸೇತುವೆಯ ಬಳಿ ನಿಲ್ಲುವುದನ್ನು ಮಾತ್ರ ಬಿಟ್ಟಿಲ್ಲವಂತೆ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದನ್ನು ಟ್ಯಾಕ್ಸಿಯವರು ನೋಡಿದ್ದಾರೆ.

ಊರಲ್ಲಿ ಗ್ಯಾಂಗುಗಳ ಬಂದೂಕಿನ ಕಾಳಗ ಶುರುವಾಗಿ ಆಚೆಯವರು ಬರುವುದು ನಿಂತಿತು. ಲಾ ಕೊತೊರ್ರಾ ಮುಚ್ಚಿತು. ರುವಲ್ಕಾಬಾ ಕಡಲತೀರದಲ್ಲಿ ಹೋಟೆಲು ತೆರೆದ. ಎವೆರಾರ್ದೊ ಇನ್ನೊಂದು ಶೋರೂಮು ಕಟ್ಟಿಸಿದ, ಅದರ ಉದ್ಘಾಟನೆಗೆ ಪಾದ್ರಿ ಬಂದು ತೀರ್ಥ ಚಿಮುಕಿಸಿದ್ದನ್ನು ನಾನೇ ನೋಡಿದೆ.

ನೆರೇಯ್ದಾ ಮೆಹಿಕಾಲಿ ಊರಿಗೆ ಹೊರಟಳು. ಅಲ್ಲಿ ಯಾವನೋ ಬಾರ್ ಶುರುಮಾಡುತ್ತಿದ್ದನಂತೆ. ಹೋಗುವ ಮುಂಚೆ ಒಂದು ಸಣ್ಣ ಲಾರಿ ಮಾಡಿಸಿಕೊಂಡು ಗುಡ್ಡದ ಕೆಳಗೆ ನಿಲ್ಲಿಸಿ, ಫ್ರಿಜ್ ತೆಗೆದುಕೊಂಡು ಹೋಗಲು ಬಂದಳು. ತಾನು ಕೊಂಡದ್ದು, ತನ್ನದು ಎಂದಳು. ಒಬ್ದುಲಿಯಾ ಒಳಗಿದ್ದ ಹಾಲು, ಚೀಸು ಎಲ್ಲ ತೆಗೆದು ಮೇಜಿನ ಮೇಲಿಟ್ಟು, ಬಟ್ಟೆ ಒದ್ದೆಮಾಡಿ ಫ್ರಿಜ್ಜನ್ನು ಒಳಗೂ ಹೊರಗೂ ಒರೆಸಿದಳು. ಲಾರಿಯವನಿಗೆ ಬೆನ್ನು ನೋವು, ಅವನು ಮೇಲೆ ಹತ್ತಿ ಬರಲಿಲ್ಲ. ನನ್ನ ಸಹಾಯ ಬೇಡವೆಂದರು.

ತಾಯಿ ಕೆಳಗಿನ ಕಡೆಯಿಂದ, ಮಗಳು ಮೇಲಿನ ಕಡೆಯಿಂದ ಹಿಡಿದು, ಹಳೆಯ ಟೈರುಗಳನ್ನು ಹೂತು ಮಾಡಿದ ಆ ಮೆಟ್ಟಿಲುಗಳಲ್ಲಿ ಇಳಿಸತೊಡಗಿದರು. ಭಾರವೆಲ್ಲ ಕೆಳಗಿದ್ದವಳ ಮೇಲೆ. ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು.

“ಇಲ್ಲಿ ಜಾರುತ್ತೆ,” ಎಂದಳು ಒಬ್ದುಲಿಯಾ.

“ಗೊತ್ತು,” ಎಂದಳು ನೆರೇಯ್ದಾ.

ಫ್ರಿಜ್ ಲಾರಿ ಏರಿತು. ನೆರೇಯ್ದಾ ಮುಂದೆ ಡ್ರೈವರ್ ಪಕ್ಕ ಕೂತು ಬಾಗಿಲು ಎಳೆದುಕೊಂಡಳು. ಒಬ್ದುಲಿಯಾ ಹಗ್ಗ ಸರಿಯಾಗಿ ಬಿಗಿದಿದೆಯೇ ಎಂದು ಎರಡೂ ಕಡೆ ಎಳೆದು ನೋಡಿ, ಲಾರಿಯ ಹಲಗೆಯನ್ನು ಅಂಗೈಯಿಂದ ತಟ್ಟಿ, ಹೋಗಬಹುದು ಎಂದು ಡ್ರೈವರಿಗೆ ಹೇಳಿದಳು.